ಹುಲ್ಲಿಗೂ ಸ್ನೋಗೂ ಒಂದೇ ಟ್ರ್ಯಾಕ್ಟರ್: ಕೊಳ್ಳುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಿಷಿಗನ್, ಮಿನ್ನೆಸೋಟ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, ಒಂಟಾರಿಯೊ ಕಡೆ ಸ್ವಲ್ಪ ದೊಡ್ಡ ಜಾಗವಿರುವ ಮನೆ ಕೊಂಡವರಿಗೆ ಮೊದಲ ವರ್ಷವೇ ಈ ಯೋಚನೆ ಶುರುವಾಗುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹುಲ್ಲು, ಚಳಿಗಾಲದಲ್ಲಿ ಡ್ರೈವ್‌ವೇ ತುಂಬ ಸ್ನೋ. ಎರಡಕ್ಕೂ ಒಂದೇ ಗಾಡಿ ಸಾಕಾಗಲ್ವಾ? ಸಾಕಾಗುತ್ತದೆ, ಆದರೆ ಎಲ್ಲ ಗಾಡಿಯೂ ಅಲ್ಲ. ನೆಲ ಸಮತಟ್ಟಾಗಿದ್ದರೆ ಹುಲ್ಲನ್ನು ಯಾವ ಗಾಡಿ ಬೇಕಾದರೂ ಕತ್ತರಿಸುತ್ತದೆ. ಗಾಡಿಯ ನಿಜವಾದ ಪರೀಕ್ಷೆ ನಡೆಯುವುದು ಜನವರಿಯಲ್ಲಿ. ಅದಕ್ಕೇ ಇಲ್ಲಿನ ಉತ್ತರಗಳಲ್ಲಿ ಹುಲ್ಲಿಗಿಂತ ಸ್ನೋ ಮಾತೇ ಜಾಸ್ತಿ.

ನಮ್ಮದು ಅರ್ಧ ಎಕರೆ. ಟ್ರ್ಯಾಕ್ಟರ್ ಬೇಕೇ ಬೇಕಾ?

ಅರ್ಧ ಎಕರೆ ಅಂದರೆ ಊರಿನ ಲೆಕ್ಕದಲ್ಲಿ ಇಪ್ಪತ್ತು ಗುಂಟೆ. ಅದರಲ್ಲಿ ಮನೆ, ಡ್ರೈವ್‌ವೇ, ಗಿಡದ ಪಾತಿ ಕಳೆದರೆ ಹುಲ್ಲು ಉಳಿಯುವುದು ಹದಿಮೂರು ಹದಿನಾಲ್ಕು ಗುಂಟೆ ಇರಬಹುದು. ತಳ್ಳುವ ಮೋವರ್‌ನಲ್ಲೂ ಇಷ್ಟನ್ನು ಮುಗಿಸಬಹುದು, ಒಂದು ಸಂಜೆ ಹೋಗುತ್ತದೆ. ಡ್ರೈವ್‌ವೇಯಲ್ಲಿ ಎರಡು ಕಾರು ನಿಲ್ಲುವಷ್ಟೇ ಜಾಗವಿದ್ದರೆ ನನ್ನ ಸಲಹೆ ಬೇರೆಯೇ: ಒಂದು ಸಾಧಾರಣ ಮೋವರ್ ತಗೊಳ್ಳಿ, ಜೊತೆಗೆ ಹಿಂದೆ ನಡೆದುಕೊಂಡು ಹೋಗುವ ಟೂ-ಸ್ಟೇಜ್ ಸ್ನೋ ಬ್ಲೋವರ್ (ಸ್ನೋವನ್ನು ಒಳಗೆಳೆದು ದೂರ ಎಸೆಯುವ ಯಂತ್ರ) ತಗೊಳ್ಳಿ. ಎರಡೂ ಸೇರಿದರೂ ಒಳ್ಳೆಯ ಟ್ರ್ಯಾಕ್ಟರ್ ಮತ್ತು ಅದರ ಸ್ನೋ ಸಾಮಾನಿಗಿಂತ ಕಡಿಮೆ ಖರ್ಚು. ಒಂದು ಕೆಟ್ಟರೆ ಇನ್ನೊಂದು ನಿಲ್ಲುವುದಿಲ್ಲ.

ಎಕರೆಗೆ ಹತ್ತಿರ ಹುಲ್ಲು, ಜೊತೆಗೆ ನೂರು ಅಡಿ ದಾಟುವ ಡ್ರೈವ್‌ವೇ ಇದ್ದರೆ ಆಗ ಟ್ರ್ಯಾಕ್ಟರ್ ಮಾತು ಸರಿ.

ಲಾನ್ ಟ್ರ್ಯಾಕ್ಟರ್, ಗಾರ್ಡನ್ ಟ್ರ್ಯಾಕ್ಟರ್, ಸಬ್‌ಕಾಂಪ್ಯಾಕ್ಟ್ ಅಂತಾರಲ್ಲ, ಏನು ವ್ಯತ್ಯಾಸ?

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದಾಗ ಮೊದಲೆರಡು ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಬಗ್ಗಿ ಹಿಂದಿನ ಚಕ್ರ ನೋಡಿ. ಲಾನ್ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ 20 ಇಂಚು ಎತ್ತರದ ಟೈರ್, ಗಾರ್ಡನ್ ಟ್ರ್ಯಾಕ್ಟರಿಗೆ 23 ಇಂಚು. ಮೂರೇ ಇಂಚು ಅನಿಸಬಹುದು. ಆದರೆ ಆ ದೊಡ್ಡ ಚಕ್ರದ ಹಿಂದೆ ಗಟ್ಟಿ ಆ್ಯಕ್ಸಲ್, ದಪ್ಪ ಫ್ರೇಮ್, ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ, ಭಾರ ತಡೆಯುವ ಟ್ರಾನ್ಸ್‌ಮಿಷನ್ ಇರುತ್ತದೆ. ಲಾನ್ ಟ್ರ್ಯಾಕ್ಟರ್ ತೂಕ ಸುಮಾರು 200 ಕೆಜಿ. ಗಾರ್ಡನ್ ಟ್ರ್ಯಾಕ್ಟರ್ 300 ಕೆಜಿ ಆಸುಪಾಸಿನಿಂದ ಮೇಲಕ್ಕೆ.

ಸಬ್‌ಕಾಂಪ್ಯಾಕ್ಟ್ ಅಂದರೆ ಹೊಲದ ಟ್ರ್ಯಾಕ್ಟರಿನ ಚಿಕ್ಕ ರೂಪ. ಜಾನ್ ಡಿಯರ್ 1025ಆರ್, ಕುಬೋಟಾ ಬಿಎಕ್ಸ್ ಸಾಲು ಇವೆಲ್ಲ ಆ ಜಾತಿ. ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ತಲೆಯ ಹಿಂದೆ ಉರುಳಿದರೆ ಕಾಪಾಡುವ ಕಂಬಿ, ಮುಂದೆ ಲೋಡರ್ ಬಕೆಟ್. ಸ್ನೋ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಮನೆಮಟ್ಟದಲ್ಲಿ ಇಲ್ಲ. ಬೆಲೆಯೂ ಹಾಗೇ: ಹದಿನೈದು ಸಾವಿರ ಡಾಲರ್ ಸಲೀಸಾಗಿ ದಾಟುತ್ತದೆ. ಎರಡು ಎಕರೆಗಿಂತ ಕಡಿಮೆ ಇದ್ದವರಿಗೆ ಸುಮ್ನೆ ಯಾಕೆ ಇಷ್ಟು ಅಂತ ನನಗನಿಸುತ್ತದೆ. ಮಣ್ಣು, ಜಲ್ಲಿ, ಮರದ ದಿಮ್ಮಿ ಎತ್ತುವ ಕೆಲಸವೂ ಇದ್ದರೆ ಮಾತ್ರ ಹಣ ಸಾರ್ಥಕ.

ಎಷ್ಟು ಹಾರ್ಸ್‌ಪವರ್ ಬೇಕು?

ಬಾನೆಟ್ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆ ನೋಡಿ ಕೊಳ್ಳಬೇಡಿ. ಎರಡು ಸಾವಿರ ಡಾಲರಿನ ಗಾಡಿಯ ಮೇಲೂ 22 ಅಂತ ಇರುತ್ತದೆ, ಎಂಟು ಸಾವಿರದ್ದರ ಮೇಲೂ 24 ಅಂತ ಇರುತ್ತದೆ. ಬೆಲೆ ಏರುವುದು ಎಂಜಿನ್ನಿಗಿಂತ ಹೆಚ್ಚಾಗಿ ಕೆಳಗಿನ ಟ್ರಾನ್ಸ್‌ಮಿಷನ್ನು, ಫ್ರೇಮು, ಹುಲ್ಲು ಕತ್ತರಿಸುವ ಅಲಗುಗಳಿರುವ ಕೆಳಗಿನ ಡೆಕ್ಕು ಇವುಗಳಿಂದ. ಗಾಡಿಯ ಮುಂದೆ ಸಿಕ್ಕಿಸುವ ಅಗಲ ಹಲಗೆಯಂಥ ಬ್ಲೇಡಿನಿಂದ ಸ್ನೋ ತಳ್ಳಲು ಬೇಕಾದ್ದು ತೂಕ ಮತ್ತು ಹಿಡಿತ. ಬ್ಲೋವರ್ ಓಡಿಸಲು ಶಕ್ತಿ ಬೇಕು ನಿಜ, ಅದಕ್ಕೂ 20ರ ಮೇಲಿನ ಎರಡು ಸಿಲಿಂಡರಿನ ಎಂಜಿನ್ ಸಾಕು.

ಚಳಿ ಪ್ರದೇಶದವರು ಎಂಜಿನ್ನಿನಲ್ಲಿ ನೋಡಬೇಕಾದ್ದು ಇಂಧನ ಇಂಜೆಕ್ಷನ್ ಇದೆಯಾ ಅಂತ. ಮೈನಸ್ 15 ಡಿಗ್ರಿಯ ಬೆಳಗ್ಗೆ ಚೋಕ್ ಎಳೆದು, ಬಿಟ್ಟು, ಮತ್ತೆ ಎಳೆದು ಒದ್ದಾಡುವ ಕೆಲಸ ತಪ್ಪುತ್ತದೆ.

ಟ್ರಾನ್ಸ್‌ಮಿಷನ್ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಅಂಥದ್ದೇನಿದೆ ಅದರಲ್ಲಿ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಈಗ ಬರುವ ಹೆಚ್ಚಿನ ಗಾಡಿಗಳು ಹೈಡ್ರೋಸ್ಟಾಟಿಕ್. ಗೇರ್ ಬದಲಿಸುವ ಗೋಜಿಲ್ಲ, ಪೆಡಲ್ ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ. ಒಳಗೆ ಒಂದು ಪಂಪು ಎಣ್ಣೆಯನ್ನು ಒತ್ತಡದಲ್ಲಿ ದೂಡುತ್ತದೆ, ಆ ಎಣ್ಣೆ ಒಂದು ಮೋಟರನ್ನು ತಿರುಗಿಸುತ್ತದೆ, ಅದರಿಂದ ಚಕ್ರ. ಸ್ನೋ ಕೆಲಸದಲ್ಲಿ ನಿಮಿಷಕ್ಕೆ ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾದ್ದರಿಂದ ಇದೇ ಬೇಕು. ಆದರೆ ಭಾರ ತಳ್ಳಿದಷ್ಟೂ ಎಣ್ಣೆ ಬಿಸಿಯಾಗುತ್ತದೆ. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ. ತೆಳ್ಳಗಾದಾಗ ಎಳೆತ ಕಡಿಮೆಯಾಗುತ್ತದೆ. ಹಗುರ ಟ್ರಾನ್ಸ್‌ಮಿಷನ್ ಹೀಗೆ ವರ್ಷ ವರ್ಷ ಬಿಸಿ ತಿಂದು ಒಂದು ದಿನ ಏರಿನಲ್ಲಿ ನಿಂತುಬಿಡುತ್ತದೆ.

ಟಫ್ ಟಾರ್ಕ್ ಕಂಪನಿಯ ಕೆ46 ಅನ್ನುವ ಮಾದರಿ ಎಷ್ಟೋ ಬ್ರ್ಯಾಂಡಿನ ಲಾನ್ ಟ್ರ್ಯಾಕ್ಟರುಗಳಲ್ಲಿ ಇದೆ. ಸಮತಟ್ಟು ನೆಲದಲ್ಲಿ ಹುಲ್ಲು ಕತ್ತರಿಸಲು ಅದು ತಕ್ಕದ್ದೇ. ಒದ್ದೆ ಸ್ನೋ ತುಂಬಿದ ಬ್ಲೇಡನ್ನು ಏರು ಡ್ರೈವ್‌ವೇ ಮೇಲೆ ತಳ್ಳಲು ಅದನ್ನು ಮಾಡಿಲ್ಲ. ಆದ್ದರಿಂದ ಅಂಗಡಿಯವರನ್ನು ನೇರವಾಗಿ ಕೇಳಿ: ಇದರ ಟ್ರಾನ್ಸ್‌ಮಿಷನ್ ಮಾದರಿ ಯಾವುದು? ಎಣ್ಣೆ, ಫಿಲ್ಟರ್ ಬದಲಿಸಬಹುದಾ? ಡಿಫರೆನ್ಷಿಯಲ್ ಲಾಕ್ ಇದೆಯಾ? ಲಾಕ್ ಇಲ್ಲದ ಗಾಡಿಯಲ್ಲಿ ಒಂದು ಚಕ್ರ ಐಸ್ ಮೇಲೆ ಹೋದರೆ ಅದೊಂದೇ ಗರಗರ ತಿರುಗುತ್ತದೆ, ನೆಲ ಹಿಡಿದ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗುತ್ತವೆ.

ಮಾರುವವರಿಗೆ ಈ ಮೂರಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಿ.

ವಾರಂಟಿ ನೋಡಿ ಗಾಡಿಯ ಗಟ್ಟಿತನ ಅಂದಾಜು ಮಾಡಬಹುದಾ?

ಸಾಕಷ್ಟು ಮಟ್ಟಿಗೆ ಮಾಡಬಹುದು. ಜಾನ್ ಡಿಯರ್‌ನದೇ ಉದಾಹರಣೆ: ಆರಂಭದ 100 ಸಾಲಿಗೆ 2 ವರ್ಷ ಅಥವಾ 120 ಗಂಟೆ. ಎಕ್ಸ್300 ಸಾಲಿಗೆ 4 ವರ್ಷ ಅಥವಾ 300 ಗಂಟೆ. ಎಕ್ಸ್500ಕ್ಕೆ 500 ಗಂಟೆ, ಎಕ್ಸ್700ಕ್ಕೆ 700 ಗಂಟೆ. ತಯಾರಿಸಿದವರೇ ಯಾವುದನ್ನು ಎಷ್ಟು ನಂಬುತ್ತಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಕಬ್ ಕೆಡೆಟ್‌ನಲ್ಲೂ ಎಕ್ಸ್‌ಟಿ1, ಎಕ್ಸ್‌ಟಿ2, ಎಕ್ಸ್‌ಟಿ3 ಅಂತ ಮೆಟ್ಟಿಲುಗಳಿವೆ. ಸ್ನೋ ಕೆಲಸಕ್ಕೆ ನೋಡಬೇಕಾದ್ದು ಮೇಲಿನ ಮೆಟ್ಟಿಲನ್ನು.

ಬ್ಲೇಡ್ ಒಳ್ಳೆಯದಾ, ಬ್ಲೋವರ್ ಒಳ್ಳೆಯದಾ?

ಎಲ್ಲಿದ್ದೀರಿ ಅನ್ನುವುದರ ಮೇಲೆ. ಡೆಟ್ರಾಯ್ಟ್ ಕಡೆ ಚಳಿಗಾಲಕ್ಕೆ ಸರಾಸರಿ 45 ಇಂಚಿನಷ್ಟು ಸ್ನೋ. ಮಿನಿಯಾಪೊಲಿಸ್‌ನಲ್ಲಿ 50ರ ಆಸುಪಾಸು. ಸಿರಕ್ಯೂಸ್‌ನಲ್ಲಿ 100 ಇಂಚು ದಾಟುತ್ತದೆ. ದೊಡ್ಡ ಸರೋವರಗಳ ಮೇಲಿಂದ ಬರುವ ತಣ್ಣನೆ ಗಾಳಿ ನೀರಿನ ತೇವ ಹೀರಿಕೊಂಡು ದಡಕ್ಕೆ ಬಂದು ಸುರಿಯುವುದರಿಂದ ಅಲ್ಲಿ ಹಾಗೆ. ಬಫಲೋ ಸುತ್ತಮುತ್ತ 2014ರ ನವೆಂಬರ್‌ನಲ್ಲಿ ಕೆಲವು ಕಡೆ ಕೆಲವೇ ದಿನಗಳಲ್ಲಿ ಐದಡಿಗೂ ಹೆಚ್ಚು ಬಿದ್ದಿತ್ತು. ಅಂಥ ಕಡೆ ಬ್ಲೇಡ್ ನಂಬಿಕೊಂಡು ಕೂರಲು ಆಗುವುದಿಲ್ಲ.

ಬ್ಲೇಡ್ ಅಗ್ಗ, ಕೆಲಸ ಬೇಗ, ಕೆಡುವ ಭಾಗ ಕಡಿಮೆ. ಒಂದು ಸಲಕ್ಕೆ ನಾಲ್ಕರಿಂದ ಆರಿಂಚು ಬಿದ್ದರೆ ಇಪ್ಪತ್ತು ನಿಮಿಷದಲ್ಲಿ ಡ್ರೈವ್‌ವೇ ಸ್ವಚ್ಛ. ಆದರೆ ತಳ್ಳಿದ ಸ್ನೋ ಎಲ್ಲಿಗಾದರೂ ಹೋಗಬೇಕಲ್ಲ. ಡಿಸೆಂಬರಿನಲ್ಲಿ ಅಂಚಿಗೆ ತಳ್ಳಿದ್ದು ಗಟ್ಟಿಯಾಗಿ ಗೋಡೆಯಾಗುತ್ತದೆ. ಫೆಬ್ರುವರಿ ಹೊತ್ತಿಗೆ ಹನ್ನೆರಡು ಅಡಿಯ ದಾರಿ ಎಂಟು ಅಡಿಯಾಗಿರುತ್ತದೆ, ಕಾರಿನ ಬಾಗಿಲು ತೆರೆಯಲು ಕಷ್ಟ. ಬ್ಲೇಡ್ ಇರುವವರು ಮೊದಲ ಸ್ನೋದಿಂದಲೇ ಡ್ರೈವ್‌ವೇ ಅಂಚು ದಾಟಿ ಹುಲ್ಲಿನ ಮೇಲೆ ಆದಷ್ಟು ದೂರ ತಳ್ಳಿ ಜಾಗ ಮಾಡಿಟ್ಟುಕೊಳ್ಳಬೇಕು.

ಬ್ಲೋವರ್‌ನಲ್ಲಿ ಮುಂದಿನ ಸುರುಳಿ ಸ್ನೋವನ್ನು ಒಳಗೆ ಎಳೆಯುತ್ತದೆ, ಹಿಂದಿನ ರೆಕ್ಕೆ ಅದನ್ನು ಕೊಳವೆಯಿಂದ ದೂರ ಎಸೆಯುತ್ತದೆ. ಗೋಡೆ ಏಳುವುದಿಲ್ಲ. ಆದರೆ ಕೆಲಸ ನಿಧಾನ, ಗಾಳಿ ಎದುರಿದ್ದರೆ ಎಸೆದದ್ದೆಲ್ಲ ಮುಖಕ್ಕೇ ಬರುತ್ತದೆ, ಮಾರ್ಚಿನ ನೀರುನೀರು ಸ್ನೋ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ 60 ಇಂಚಿಗಿಂತ ಜಾಸ್ತಿ ಬೀಳುವ ಕಡೆ ಅಥವಾ ಸ್ನೋ ತಳ್ಳಲು ಪಕ್ಕದಲ್ಲಿ ಜಾಗವೇ ಇಲ್ಲದ ಕಡೆ ನಾನು ಬ್ಲೋವರನ್ನೇ ಹೇಳುತ್ತೇನೆ.

ಸ್ನೋ ಅಷ್ಟು ಭಾರ ಇರುತ್ತಾ?

ಲೆಕ್ಕ ಹಾಕಿ ನೋಡಿ. 60 ಅಡಿ ಉದ್ದ, 20 ಅಡಿ ಅಗಲದ ಡ್ರೈವ್‌ವೇ. ಅದರ ಮೇಲೆ ಆರಿಂಚು ಸ್ನೋ. ಅಂದರೆ 600 ಘನ ಅಡಿ, ಸುಮಾರು 17 ಘನ ಮೀಟರ್. ಹೊಸದಾಗಿ ಬಿದ್ದ ಸಾಧಾರಣ ಸ್ನೋ ಘನ ಮೀಟರಿಗೆ 100 ಕೆಜಿ ಅಂತ ಹಿಡಿದರೂ 1,700 ಕೆಜಿ. ಅದೇ ಒದ್ದೆ ಸ್ನೋ ಆದರೆ ಇದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. 200 ಕೆಜಿ ಗಾಡಿಯಿಂದ ಇದನ್ನು ಕದಲಿಸಬೇಕು. ಆದ್ದರಿಂದಲೇ ಪೂರ್ತಿ ಬೀಳಲಿ ಅಂತ ಕಾಯದೆ ಮೂರು ನಾಲ್ಕು ಇಂಚಿಗೊಮ್ಮೆ ತೆಗೆಯಬೇಕು.

ಮುನಿಸಿಪಾಲಿಟಿ ಪ್ಲೋ ಬಂದು ಹೋದಮೇಲೆ ರಸ್ತೆ ಬದಿ ಏಳುವ ದಿಣ್ಣೆಗೆ ಏನು ಮಾಡೋದು?

ಇದು ಎಲ್ಲರ ಗೋಳು. ನೀವು ಡ್ರೈವ್‌ವೇ ಪೂರ್ತಿ ಬಳಿದು ಒಳಗೆ ಬಂದು ಕಾಫಿಗೆ ಇಟ್ಟಿರುತ್ತೀರಿ, ಆಗ ದೊಡ್ಡ ಪ್ಲೋ ಲಾರಿ ಬಂದು ರಸ್ತೆಯ ಸ್ನೋವನ್ನೆಲ್ಲ ನಿಮ್ಮ ಡ್ರೈವ್‌ವೇ ಬಾಯಿಗೆ ಒತ್ತರಿಸಿ ಹೋಗುತ್ತದೆ. ಅದು ಹಗುರ ಪುಡಿಯಲ್ಲ. ಉಪ್ಪು, ಮರಳು, ಕರಗಿ ಹೆಪ್ಪುಗಟ್ಟಿದ ಗಡ್ಡೆ ಎಲ್ಲ ಬೆರೆತಿರುತ್ತದೆ. ಎರಡು ಗಂಟೆ ಬಿಟ್ಟರೆ ಕಲ್ಲಿನ ಹಾಗಾಗುತ್ತದೆ. ಅದಿನ್ನೂ ಮೆತ್ತಗಿರುವಾಗಲೇ ತೆಗೆಯಬೇಕು.

ಬ್ಲೇಡನ್ನು ಓರೆಯಾಗಿಟ್ಟು ಸ್ವಲ್ಪ ಸ್ವಲ್ಪವೇ ಕೊರೆದು ಪಕ್ಕಕ್ಕೆ ಸರಿಸಿ. ದೂರದಿಂದ ವೇಗವಾಗಿ ಬಂದು ಗುದ್ದಬೇಡಿ. ಬ್ಲೇಡಿನ ಸ್ಪ್ರಿಂಗುಗಳು ಇರುವುದು ಕಾಂಕ್ರೀಟಿನ ಎದ್ದ ಅಂಚು ತಾಗಿದಾಗ ಬ್ಲೇಡ್ ಬಗ್ಗಿ ಪಾರಾಗಲಿ ಅಂತ. ಗುದ್ದಿ ಗುದ್ದಿ ಫ್ರೇಮ್ ಸೀಳಿದರೆ ಅದು ವಾರಂಟಿಯಲ್ಲಿ ಬರುವುದಿಲ್ಲ. ಬ್ಲೋವರ್ ಇದ್ದರೆ ಇಲ್ಲೇ ಶಿಯರ್ ಪಿನ್ ಮುರಿಯುವುದು. ಗಟ್ಟಿ ಗಡ್ಡೆಯೋ ಪೇಪರ್ ಕಟ್ಟೋ ಸಿಕ್ಕಾಗ ಗೇರ್‌ಬಾಕ್ಸ್ ಉಳಿಯಲಿ ಅಂತ ಆ ಪಿನ್ ತಾನು ಮುರಿಯುತ್ತದೆ. ಸೀಟಿನ ಕೆಳಗೆ ನಾಲ್ಕೈದು ಪಿನ್ ಸದಾ ಇಟ್ಟಿರಿ. ಅದರ ಬದಲು ಕೈಗೆ ಸಿಕ್ಕ ಸಾಧಾರಣ ಬೋಲ್ಟ್ ಹಾಕಬೇಡಿ. ಬೋಲ್ಟ್ ಮುರಿಯದೆ ಗೇರ್ ಮುರಿಯುತ್ತದೆ.

ಸ್ನೋವನ್ನು ರಸ್ತೆಯ ಆಚೆ ಬದಿಗೆ ತಳ್ಳಬಹುದಾ?

ಬೇಡ. ಮಿಷಿಗನ್, ಮಿನ್ನೆಸೋಟ, ಒಂಟಾರಿಯೊ ಎಲ್ಲ ಕಡೆ ಇದಕ್ಕೆ ಕಾನೂನಿನ ತಡೆ ಇದೆ. ರಸ್ತೆಯ ಮೇಲೆ ಉಳಿದ ಒಂದು ಗೆರೆ ಸ್ನೋ ರಾತ್ರಿ ಹೆಪ್ಪುಗಟ್ಟಿದರೆ ಇನ್ನೊಬ್ಬರ ಕಾರು ಜಾರುತ್ತದೆ.

ಚೈನು, ತೂಕ ಇವೆಲ್ಲ ನಿಜವಾಗಲೂ ಬೇಕಾ? ಟೈರ್ ಹೊಸದಿದೆಯಲ್ಲ.

ಬೇಕು. ಲಾನ್ ಟೈರು ಹುಲ್ಲು ಹಾಳಾಗದಿರಲಿ ಅಂತ ಮಾಡಿದ್ದು, ಅದರ ಹಲ್ಲು ಆಳವಿಲ್ಲ. ಐಸ್ ಮೇಲೆ ಅದು ಜಾರುತ್ತದೆ. ಮುಂದೆ ಬ್ಲೋವರ್ ಸಿಕ್ಕಿಸಿದಾಗ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಇನ್ನೂ ಹಗುರವಾಗುತ್ತದೆ. ಹಿಂದಿನ ಚಕ್ರಕ್ಕೆ ಚೈನು, ಚಕ್ರದ ಒಳಗೆ ಅಥವಾ ಹಿಂಬದಿಗೆ ತೂಕ, ಈ ಎರಡೂ ಕೊಳ್ಳುವಾಗಲೇ ಲೆಕ್ಕದಲ್ಲಿರಲಿ. ಚೈನಿನಲ್ಲಿ ಎರಡು ಕೊಂಡಿಗೊಂದು ಅಡ್ಡಪಟ್ಟಿ ಇರುವುದನ್ನು ಕೇಳಿ. ನಾಲ್ಕು ಕೊಂಡಿಗೊಂದು ಇರುವುದರಲ್ಲಿ ಪಟ್ಟಿಗಳ ನಡುವೆ ಟೈರು ಇಳಿದು ಕುಲುಕುತ್ತದೆ.

ಕೆಲವರು ಟೈರಿನೊಳಗೆ ದ್ರವ ತುಂಬಿಸುತ್ತಾರೆ. ಬರೀ ನೀರು ಹಾಕಿದರೆ ಹೆಪ್ಪುಗಟ್ಟುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಚಕ್ರದ ಕಬ್ಬಿಣ ತಿನ್ನುತ್ತದೆ. ಈಗ ಸಕ್ಕರೆ ಬೀಟ್‌ನಿಂದ ತಯಾರಾದ ದ್ರವವನ್ನು ಡೀಲರುಗಳು ತುಂಬಿಕೊಡುತ್ತಾರೆ. ಅದು ತುಕ್ಕು ಹಿಡಿಸುವುದಿಲ್ಲ, ನೀರಿಗಿಂತ ಭಾರ, ಚಳಿಗೂ ಜಗ್ಗುವುದಿಲ್ಲ. ಆದರೆ ಬೇಸಿಗೆಯಲ್ಲೂ ಆ ಭಾರ ಹಾಗೇ ಇರುತ್ತದೆ, ಮೆತ್ತನೆ ನೆಲದ ಲಾನಿನಲ್ಲಿ ಗಾಲಿಯ ಗುರುತು ಬೀಳುತ್ತದೆ. ತೆಗೆದಿಡಬಹುದಾದ ಕಬ್ಬಿಣದ ತೂಕವೇ ನನಗೆ ಮೇಲು.

ಡ್ರೈವ್‌ವೇಗೆ ಕಲ್ಲುಹಾಸು ಹಾಕಿಸಿದ್ದರೆ ಕಬ್ಬಿಣದ ಚೈನು ಗೀರು ಹಾಕುತ್ತದೆ. ರಬ್ಬರ್ ಚೈನು ಸಿಗುತ್ತದೆ, ಬೆಲೆ ಜಾಸ್ತಿ.

ನಮ್ಮದು ಜಲ್ಲಿ ಡ್ರೈವ್‌ವೇ.

ಬ್ಲೇಡಿನ ಕೆಳಗಿನ ಸ್ಕಿಡ್ ಶೂಗಳನ್ನು (ನೆಲದ ಮೇಲೆ ಜಾರುವ ಲೋಹದ ಪಾದಗಳನ್ನು) ಇಳಿಸಿ, ಬ್ಲೇಡ್ ನೆಲದಿಂದ ಅರ್ಧ ಮುಕ್ಕಾಲು ಇಂಚು ಮೇಲಿರಲಿ. ವರ್ಷದ ಮೊದಲ ಸ್ನೋವನ್ನು ತೆಗೆಯದೆ ಗಾಡಿ ಓಡಿಸಿ ಒತ್ತಿಬಿಡಿ. ಅದು ಗಟ್ಟಿಯಾಗಿ ನೆಲವಾಗುತ್ತದೆ. ಇಲ್ಲದಿದ್ದರೆ ಏಪ್ರಿಲಿನಲ್ಲಿ ಜಲ್ಲಿಯನ್ನೆಲ್ಲ ಲಾನಿನಿಂದ ಹೆಕ್ಕಬೇಕು. ಬ್ಲೋವರ್ ಇದ್ದವರಿಗೆ ಇದು ಇನ್ನೂ ಮುಖ್ಯ, ಎಸೆದ ಕಲ್ಲು ಕಿಟಕಿಗೂ ಬಡಿಯಬಹುದು, ಮನುಷ್ಯರಿಗೂ ಬಡಿಯಬಹುದು.

ಝೀರೋ-ಟರ್ನ್ ಮೋವರ್ ಹುಲ್ಲು ತುಂಬಾ ಬೇಗ ಕತ್ತರಿಸುತ್ತದಂತೆ. ಅದಕ್ಕೇ ಬ್ಲೇಡ್ ಹಾಕಬಹುದಲ್ಲ?

ಹುಲ್ಲಿಗೆ ಅದು ನಿಜಕ್ಕೂ ಬೇಗ. ಸ್ನೋಗೆ ಬೇಡ. ಮುಂದಿನ ಎರಡು ಚಿಕ್ಕ ಗಾಲಿ ತಮ್ಮಷ್ಟಕ್ಕೇ ತಿರುಗುವಂಥವು, ಗಾಡಿ ತಿರುಗುವುದು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸದಿಂದ. ಐಸ್ ಮೇಲೆ ಹಿಂದಿನ ಚಕ್ರ ಜಾರಿದರೆ ಗಾಡಿಯ ದಿಕ್ಕೇ ನಿಮ್ಮ ಕೈಯಲ್ಲಿರುವುದಿಲ್ಲ.

ಡೆಕ್ ಎಷ್ಟು ಇಂಚಿನದು ಬೇಕು?

ಒಂದು ಎಕರೆಯವರೆಗೆ 42 ಇಂಚು ಸಾಕು. ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ಓಡಿಸಿದರೆ, ತಿರುವು, ಮರ ಸುತ್ತುವುದು ಎಲ್ಲ ಸೇರಿ ಗಂಟೆಗೆ ಸುಮಾರು ಒಂದು ಎಕರೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಜಾಗಕ್ಕೆ 48 ಅಥವಾ 54. ಬೇಲಿಯ ಗೇಟಿನ ಅಗಲ ಅಳೆದುಕೊಂಡು ಹೋಗಿ. ಹುಲ್ಲನ್ನು ಮೂರು ಇಂಚಿಗಿಂತ ಕೆಳಗೆ ಬೋಳಿಸಬೇಡಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ಬೇಸಿಗೆಯಿಂದ ಚಳಿಗಾಲಕ್ಕೆ ಬದಲಿಸುವುದು ಕಷ್ಟಾನಾ?

ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕೆಲಸ ಇದು. ಬ್ಲೋವರ್ ಹಾಕಲು ಮೊದಲು ಕೆಳಗಿನ ಮೋವರ್ ಡೆಕ್ ಬಿಚ್ಚಿ ಪಕ್ಕದಿಂದ ಎಳೆದು ತೆಗೆಯಬೇಕು. ಆಮೇಲೆ ಮುಂದಿನ ಫ್ರೇಮು, ಬೆಲ್ಟು, ಎತ್ತುವ ಸನ್ನೆ, ಕೊನೆಗೆ ಬ್ಲೋವರ್. ಮೊದಲ ಸಲ ಅರ್ಧ ದಿನ ಹಿಡಿಯುತ್ತದೆ. ಆಮೇಲಾಮೇಲೆ ಒಂದೆರಡು ಗಂಟೆ. ಬ್ಲೋವರ್ ನೂರು ಕೆಜಿ ದಾಟುವುದುಂಟು, ಅದನ್ನು ಗಾಲಿ ಇರುವ ಹಲಗೆಯ ಮೇಲೆ ಇಟ್ಟುಕೊಂಡರೆ ಒಬ್ಬರೇ ಹೊಂದಿಸಬಹುದು. ನವೆಂಬರ್ ಮೊದಲ ವಾರದ ಒಳಗೆ ಮುಗಿಸಿ. ಸ್ನೋ ಬೀಳುತ್ತಿರುವಾಗ ತಣ್ಣನೆ ಗ್ಯಾರೇಜಿನಲ್ಲಿ ಮಂಡಿಯೂರಿ ಬೋಲ್ಟ್ ಹುಡುಕುವುದು ಬೇಡ.

ಜಾಗದ ಲೆಕ್ಕವನ್ನೂ ಹಾಕಿ. ಬೇಸಿಗೆಯಲ್ಲಿ ಬ್ಲೋವರ್ ಎಲ್ಲಿಡುತ್ತೀರಿ, ಚಳಿಗಾಲದಲ್ಲಿ ಡೆಕ್ ಎಲ್ಲಿಡುತ್ತೀರಿ? ಎರಡು ಕಾರಿನ ಗ್ಯಾರೇಜಿನಲ್ಲಿ ಎರಡು ಕಾರು ಇದ್ದರೆ ಶೆಡ್ ಬೇಕಾಗುತ್ತದೆ. ಕೆಲವು ಬಡಾವಣೆಗಳ ಎಚ್‌ಒಎ (ಮನೆ ಮಾಲೀಕರ ಸಂಘ) ನಿಯಮದಲ್ಲಿ ಶೆಡ್ ಕಟ್ಟಲು ಬಿಡುವುದಿಲ್ಲ, ಮೊದಲೇ ಕೇಳಿ.

ಬ್ಯಾಟರಿಯ ಟ್ರ್ಯಾಕ್ಟರ್ ಹೇಗೆ?

ಹುಲ್ಲಿಗೆ ಚೆನ್ನಾಗಿದೆ: ಸದ್ದಿಲ್ಲ, ಎಣ್ಣೆ ಬದಲಿಸುವ ಕೆಲಸವಿಲ್ಲ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವುದೂ ಒಳ್ಳೆಯದಲ್ಲ. ಉದ್ದ ಡ್ರೈವ್‌ವೇ ಇರುವವರಿಗೆ ಸದ್ಯಕ್ಕೆ ನಾನು ಪೆಟ್ರೋಲ್ ಅಥವಾ ಡೀಸೆಲ್ಲನ್ನೇ ಹೇಳುತ್ತೇನೆ.

ಮಹೀಂದ್ರಾ ಇಲ್ಲೂ ಸಿಗುತ್ತಾ?

ಊರಿನಿಂದ ಬಂದ ಅಪ್ಪ, ಮಾವ ತಪ್ಪದೆ ಕೇಳುವ ಪ್ರಶ್ನೆ. ಸಿಗುತ್ತದೆ. ಮಹೀಂದ್ರಾ 1994ರಿಂದ ಅಮೆರಿಕದಲ್ಲಿ ಟ್ರ್ಯಾಕ್ಟರ್ ಮಾರುತ್ತಿದೆ, ಅದರಲ್ಲಿ ಸಬ್‌ಕಾಂಪ್ಯಾಕ್ಟ್ ಕೂಡ ಇದೆ. ಹತ್ತಿರದಲ್ಲಿ ಡೀಲರ್ ಇದ್ದರೆ ಖಂಡಿತ ಹೋಗಿ ನೋಡಿ.

ದೊಡ್ಡ ಅಂಗಡಿಯಲ್ಲಿ ಕೊಳ್ಳೋದಾ, ಡೀಲರ್ ಹತ್ತಿರಾನಾ?

ಹೋಮ್ ಡಿಪೋ, ಲೋಸ್‌ನಲ್ಲಿ ಆರಂಭದ ಮಾದರಿಗಳು ಸಿಗುತ್ತವೆ, ಬೆಲೆಯೂ ಹಿಡಿತದಲ್ಲಿರುತ್ತದೆ. ಬರೀ ಹುಲ್ಲಿಗಾದರೆ ತೊಂದರೆಯಿಲ್ಲ. ಸ್ನೋ ಕೆಲಸಕ್ಕೆ ಡೀಲರೇ ಸರಿ. ಜನವರಿಯ ಮಧ್ಯದಲ್ಲಿ ಬೆಲ್ಟ್ ಕಿತ್ತುಹೋದಾಗ ಅದೇ ದಿನ ಬೆಲ್ಟ್ ಕೊಡುವವರು ಬೇಕು, ಮನೆಗೆ ಟ್ರೇಲರ್ ತಂದು ಗಾಡಿ ಒಯ್ಯುವವರು ಬೇಕು. ಎರಡು ಬ್ರ್ಯಾಂಡಿನ ನಡುವೆ ಮನಸ್ಸು ತೂಗಾಡುತ್ತಿದ್ದರೆ ಯಾರ ಡೀಲರ್ ಹತ್ತಿರವಿದ್ದಾರೋ ಅವರದನ್ನು ಕೊಳ್ಳಿ.

ಆಗಸ್ಟ್, ಸೆಪ್ಟೆಂಬರ್ ಕೊಳ್ಳಲು ಒಳ್ಳೆಯ ಹೊತ್ತು. ವಸಂತದ ನೂಕುನುಗ್ಗಲು ಮುಗಿದಿರುತ್ತದೆ, ಬ್ಲೋವರುಗಳು ಇನ್ನೂ ಖಾಲಿಯಾಗಿರುವುದಿಲ್ಲ. ಸೊನ್ನೆ ಬಡ್ಡಿ ಸಾಲ ಅಂದಾಗ, ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತಲೂ ಕೇಳಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಏನು ಎಚ್ಚರ ಬೇಕು?

ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವುದು ನಮ್ಮಲ್ಲಿ ಪ್ರೀತಿಯ ವಿಷಯ. ಈ ಗಾಡಿಯ ಮೇಲೆ ದಯವಿಟ್ಟು ಅದು ಬೇಡ, ಒಂದು ಸಲವೂ ಬೇಡ. ಒಮ್ಮೆ ಕೂತ ಮಗು ಮುಂದಿನ ವಾರ ಗಾಡಿಯ ಸದ್ದು ಕೇಳಿದ ಕೂಡಲೇ ಓಡಿ ಬರುತ್ತದೆ, ನೀವು ಹಿಂದಕ್ಕೆ ಬರುತ್ತಿರುತ್ತೀರಿ. ಹಿಂದಕ್ಕೆ ಹೋಗುವಾಗ ಮೋವರಿನ ಬ್ಲೇಡ್ ತಾನೇ ನಿಲ್ಲುವ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಅದನ್ನು ವೈರ್ ಸೇರಿಸಿ ಬೈಪಾಸ್ ಮಾಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಕೂತು ಓಡಿಸುವ ಮೋವರನ್ನು 16 ವರ್ಷ ತುಂಬುವವರೆಗೆ ಮಕ್ಕಳ ಕೈಗೆ ಕೊಡಬೇಡಿ ಅನ್ನುತ್ತದೆ.

ಬ್ಲೋವರ್ ಕೊಳವೆ ಕಟ್ಟಿಕೊಂಡಾಗ ಕೈ ಹಾಕಬೇಡಿ. ಎಂಜಿನ್ ನಿಲ್ಲಿಸಿ, ಕೀಲಿ ಕೈ ತೆಗೆದು ಜೇಬಿಗೆ ಹಾಕಿಕೊಂಡು, ಜೊತೆಗೆ ಕೊಟ್ಟಿರುವ ಪ್ಲಾಸ್ಟಿಕ್ ಕೋಲಿನಿಂದ ತೆಗೆಯಿರಿ. ಎಂಜಿನ್ ನಿಂತಿದ್ದರೂ ಒಳಗಿನ ರೆಕ್ಕೆ ಬಿಗಿದ ಬೆಲ್ಟಿನ ಒತ್ತಡದಲ್ಲಿರಬಹುದು. ಕಟ್ಟಿದ ಸ್ನೋ ಸಡಿಲವಾದ ಕ್ಷಣಕ್ಕೆ ಅದು ಒಂದು ಸುತ್ತು ತಿರುಗುತ್ತದೆ, ಬೆರಳು ಹೋಗಲು ಅಷ್ಟು ಸಾಕು. ಇನ್ನು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಬೆಚ್ಚಗೆ ಮಾಡುವುದಂತೂ ಪ್ರಾಣಕ್ಕೇ ಅಪಾಯ. ಮೊದಲು ಗಾಡಿಯನ್ನು ಹೊರಗೆ ತನ್ನಿ.

ಚಳಿಗೆ ಗಾಡಿಯನ್ನು ಹೇಗೆ ಸಿದ್ಧ ಮಾಡಬೇಕು?

ಕೈಪಿಡಿಯಲ್ಲಿ ಹೇಳಿರುವ ಚಳಿಗಾಲದ ಎಣ್ಣೆ ಹಾಕಿ, ಸಾಮಾನ್ಯವಾಗಿ 5ಡಬ್ಲ್ಯೂ-30 ಸಿಂಥೆಟಿಕ್ ಇರುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಹತ್ತು ಪರ್ಸೆಂಟ್ ದಾಟಬಾರದು. ಬಂಕಿನಲ್ಲಿ ಇ15 (ಹದಿನೈದು ಪರ್ಸೆಂಟ್ ಎಥನಾಲ್) ಅಂತ ಬರೆದಿರುವ ಪಂಪಿನಿಂದ ತುಂಬಿಸಬೇಡಿ. ಬ್ಯಾಟರಿಗೆ ಒಂದು ಮೇಂಟೇನರ್ (ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಚಿಕ್ಕ ಚಾರ್ಜರ್) ಸಿಕ್ಕಿಸಿಟ್ಟರೆ ಯಾವತ್ತು ಬೇಕಾದರೂ ಶುರುವಾಗುತ್ತದೆ. ಓಡಿಸುವ ಮುಂಚೆ ಐದು ನಿಮಿಷ ಸುಮ್ಮನೆ ಬಿಡಿ, ಹೈಡ್ರೋಸ್ಟಾಟಿಕ್ ಎಣ್ಣೆಯೂ ತಣ್ಣಗೆ ಗಟ್ಟಿಯಾಗಿರುತ್ತದೆ. ಕೊಳವೆಯ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಒದ್ದೆ ಸ್ನೋ ಅಂಟುವುದು ಕಡಿಮೆ. ಕೆಲಸ ಮುಗಿದ ಮೇಲೆ ಬ್ಲೋವರನ್ನು ಒಂದು ನಿಮಿಷ ಖಾಲಿ ಓಡಿಸಿ ಒಳಗಿನ ಸ್ನೋ ಹೊರಹಾಕಿ, ಇಲ್ಲದಿದ್ದರೆ ರಾತ್ರಿ ರೆಕ್ಕೆ ಹೆಪ್ಪಿನಲ್ಲಿ ಸಿಕ್ಕಿ ಬೆಳಗ್ಗೆ ಬೆಲ್ಟ್ ಸುಡುತ್ತದೆ. ಉಪ್ಪು ತಾಗಿದ ಚೈನು, ಚಕ್ರದ ಒಳಭಾಗವನ್ನು ಚಳಿ ಬಿಟ್ಟ ಮೊದಲ ದಿನವೇ ತೊಳೆಯಿರಿ.